ತಾಂಡೂರು ಸ್ಟೇಷನ್ನಿನ ಕೊರೊಕ್ಕೆ

ರೈಲ್ವೆ ಕ್ಯಾಂಟೀನಿಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಕುಳಿತ ತಕ್ಷಣ ಬಡ್ತಿಯ ಮಾತು ತೆಗೆಯುತ್ತಾರೆ. ಹೆಡ್ ಕುಕ್ ಆಗಲು ಏನು ಮಾಡಬೇಕು, ಯಾರ ಕಾಲು ಹಿಡಿಯಬೇಕು, ಕ್ವಾರ್ಟರ್ಸ್ ಯಾವಾಗ ಸಿಗುತ್ತದೆ. ಇವಕ್ಕೆಲ್ಲ ನನ್ನಲ್ಲಿ ಹೇಳುವಂಥ ಉತ್ತರವಿಲ್ಲ. ಬಡ್ತಿ ಬಂತು, ತಗೊಂಡೆ, ವಯಸ್ಸಾಯಿತು, ಮನೆಗೆ ಬಂದೆ. ಅಡುಗೆಮನೆಯ ನೌಕರಿ ಅಂದರೆ ನಿಜಕ್ಕೂ ಏನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆದಿಡುತ್ತಿದ್ದೇನೆ. ಓದಿದರೆ ನಿಮಗೆ ಹುರುಪು ಬರುತ್ತದೆಂಬ ಭರವಸೆ ನನಗಿಲ್ಲ. ಹುರುಪು ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ.

ನನ್ನ ಹೆಸರು ಬೀರಪ್ಪ. ನಾರಾಯಣಖೇಡದ ಹತ್ತಿರದ ಕಲ್ಹೇರ್ ನಮ್ಮೂರು. ನಮ್ಮದು ಕುರಿ ಸಾಕುವ ಮನೆತನ. ಬೇಸಿಗೆಯಲ್ಲಿ ಅಪ್ಪ ಮೇವು ಹುಡುಕುತ್ತ ಹಿಂಡನ್ನು ಧಾರೂರು, ತಾಂಡೂರಿನ ಕಡೆ ಇಳಿಸುತ್ತಿದ್ದ. ನಿಜಾಮರ ಕಾಲದಲ್ಲಿ ತಾಂಡೂರು ಸ್ಟೇಷನ್ನಿನಲ್ಲಿ ಒಂದು ಊಟದ ಕೋಣೆ ಇತ್ತು. ವಾಡಿ ಕಡೆ ಹೋಗುವ ಗಾಡಿಯ ಮೇಲ್ದರ್ಜೆಯ ಪ್ರಯಾಣಿಕರು ಅಲ್ಲಿ ಇಳಿದು, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕುಳಿತು ಉಣ್ಣುತ್ತಿದ್ದರು. ಆ ಅಡುಗೆಮನೆಗೆ ಕುರಿ ಕೊಡಲು ಅಪ್ಪನ ಜೊತೆ ಹೋದ ನಾನು ಅಲ್ಲೇ ಮಾಂಸ ಕತ್ತರಿಸುವ ಕೆಲಸಕ್ಕೆ ನಿಂತೆ. ಆಗಲೇ ಮದುವೆಯಾಗಿತ್ತು. ಹಿಂಡಿನ ಹಿಂದೆ ನಡೆದು ನಡೆದು ಸಾಕಾಗಿತ್ತು. ನಿಂತ ಜಾಗದಲ್ಲೇ ಅನ್ನ ಸಿಗುವ ನೌಕರಿ ಸುಖದ್ದೆಂದು ತಿಳಿದಿದ್ದೆ. ಬಿಸಿ ಎಣ್ಣೆಯ ಮುಂದೆ ನಿಲ್ಲುವವರೆಗೆ ಹಾಗೆ ಅನ್ನಿಸುವುದು ಸಹಜ.

ಕೆಲ ವರ್ಷಗಳಾದ ಮೇಲೆ ಅಡುಗೆ ಮಾಡುವ ಹಳೆಯ ಬಾವರ್ಚಿ ಕೆಲಸ ಬಿಟ್ಟ. ಆತನ ಜಾಗಕ್ಕೆ ಚಾಂದ್ ಸಾಬ್ ಎಂಬವರು ಬಂದರು. ಜಹೀರಾಬಾದಿನವರು. ನಾವೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ತೆಳ್ಳನೆ ಮನುಷ್ಯ, ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಂದ ವಾರದಲ್ಲೇ ಆಲೂಗಡ್ಡೆ ಬೇಯಿಸಿ, ಕಿವುಚಿ, ಒಣಗುವಂತೆ ಹುರಿದ ಖೀಮಾ ಮತ್ತು ಈರುಳ್ಳಿ ಕಲಸಿ, ಅಂಗೈಯಲ್ಲಿ ತಟ್ಟಿ, ಮೈದಾ, ಮೊಟ್ಟೆ, ಬ್ರೆಡ್ಡಿನ ಪುಡಿ ಹೀಗೆ ಒಂದಾದ ಮೇಲೊಂದು ಮೆತ್ತಿ ಕರಿದರು. ನಮ್ಮ ಮ್ಯಾನೇಜರ್ ಸಾಹೇಬರು ತಿಂದು, ಇದು ಕಟ್ಲೆಟ್ಟಿನ ತಮ್ಮನಂತಿದೆ, ಇರಲಿ ಅಂದರು. ಉಸ್ತಾದರು ತಲೆಯಾಡಿಸಿದರು. ಸಾಹೇಬರು ಆಚೆ ಹೋದ ಮೇಲೆ ನನಗೆ ಹೇಳಿದರು:

"ಇದು ಕೊರೊಕ್ಕೆ, ಬೀರಪ್ಪ. ಜಪಾನದ್ದು."

ನಾನು ಜಪಾನೆಂಬುದು ಬೊಂಬಾಯಿಯ ಆಚೆ ಎಲ್ಲೋ ಒಂದು ಪೇಟೆ ಅಂದುಕೊಂಡಿದ್ದೆ.

ಅವರ ಕಥೆ ತುಂಡು ತುಂಡಾಗಿ ಗೊತ್ತಾಯಿತು. ಹರೆಯದಲ್ಲಿ ಬೊಂಬಾಯಿಗೆ ಹೋಗಿ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಅಡುಗೆಗೆ ಸೇರಿದ್ದರು. ಆ ವ್ಯಾಪಾರಿಯ ಮಳಿಗೆ ಜಪಾನಿನ ಕೋಬೆ ಎಂಬ ಬಂದರಿನಲ್ಲಿಯೂ ಇತ್ತು. ಯಜಮಾನರ ಜೊತೆ ಹಡಗು ಹತ್ತಿ ಉಸ್ತಾದರೂ ಹೋದರು. ಅಲ್ಲೇ ಹಾರು ಎಂಬವಳನ್ನು ಮದುವೆಯಾದರು. ಒಬ್ಬ ಮಗಳು, ಸಾಚಿ. ಹಾರುವಿನ ತಾಯಿ ಮಿನಾತೊಗಾವಾ ಎಂಬ ಪೇಟೆಯ ಗಲ್ಲಿಯಲ್ಲಿ, ಮಾಂಸದ ಅಂಗಡಿಯ ಬಾಗಿಲಲ್ಲಿ ಬಾಣಲೆ ಇಟ್ಟುಕೊಂಡು ಕೊರೊಕ್ಕೆ ಕರಿಯುತ್ತಿದ್ದಳು. ಜಹೀರಾಬಾದಿನಿಂದ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದು, ನೋಡಿ ಬರುತ್ತೇನೆಂದು ಇವರು ಒಬ್ಬರೇ ಹೊರಟು ಬಂದರು. ತಾಯಿ ತೀರಿಕೊಂಡಳು. ತಿರುಗಿ ಹೋಗಬೇಕೆಂದು ಬೊಂಬಾಯಿಗೆ ಹೋದರೆ ಆ ಕಡೆಗೆ ಹಡಗು ನಿಂತುಹೋಗಿತ್ತು. ಸ್ವಲ್ಪ ದಿನಕ್ಕೆ ಜಪಾನು ಇಂಗ್ಲಿಷರಿಗೆ ವೈರಿಯಾಯಿತು. ಬರೆದ ಕಾಗದ ಹೋಗಲಿಲ್ಲ, ಅಲ್ಲಿಂದ ಒಂದೂ ಬರಲಿಲ್ಲ. ಹೆಂಡತಿ ಮಗಳು ಇದ್ದಾರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲದೆ ಉಸ್ತಾದರು ನಮ್ಮ ತಾಂಡೂರಿಗೆ ಬಂದು ಬಿದ್ದಿದ್ದರು.

ಆಲೂಗಡ್ಡೆ ಸುಲಿಯುವಾಗ ಮಾತ್ರ ಅವರಿಗೆ ಮಾತು ಬರುತ್ತಿತ್ತು.

"ಕೊರೊಕ್ಕೆ ಜಪಾನದವರದೂ ಅಲ್ಲಪಾ. ಮೊದಲ ಫ್ರೆಂಚರ ಅಡಿಗಿ. ಅವರು ಹಾಲು ಬೆಣ್ಣಿ ಹಾಕಿ ಮಾಡ್ತಿದ್ರಂತ. ಜಪಾನದಾಗ ಹಾಲು ಯಾರು ಕುಡಿತಿದ್ರು? ಆಲೂಗಡ್ಡಿ ಇತ್ತು, ಅದನ್ನೇ ಹಾಕಿದ್ರು. ಮೊದಮೊದಲ ದೊಡ್ಡ ಹೋಟಲದಾಗ ಕೋಟು ಟಾಯಿ ಹಾಕ್ಕೊಂಡವರೇ ತಿಂತಿದ್ರು. ಆಮ್ಯಾಲ ಖಸಾಯಿ ಅಂಗಡ್ಯಾವ್ರು ಉಳದ ಚೂರು ಮಾಂಸ ಸೇರಿಸಿ ಕರದು ಮಾರಾಕ ಹತ್ತಿದ್ರು. ಆವಾಗ ಗರೀಬ ಮಂದಿ ಕೈಗೆ ಬಂತು."

"ಅಷ್ಟು ರುಚಿ ಏನೈತ್ರಿ ಅದರಾಗ? ಆಲೂಗಡ್ಡಿ ಅಲ್ಲೇನ್ರಿ?" ಅಂದೆ.

ಉಸ್ತಾದರು ಸುಲಿಯುವುದನ್ನು ನಿಲ್ಲಿಸಿದರು. "ಸಾಲಿ ಬಿಟ್ಟ ಮ್ಯಾಲ ಸಾಚಿ ಅಜ್ಜಿ ಅಂಗಡಿಗೆ ಓಡಿ ಬರ್ತಿದ್ಳು. ಕಾಗದದಾಗ ಸುತ್ತಿ ಕೊಟ್ರ ನಿಂದ್ರಾಂಗೇ ಇಲ್ಲ, ನಡಕೋತ ತಿನ್ನಾಕಿ. ಮ್ಯಾಲ ಗರಿಗರಿ, ಕಚ್ಚಿದ್ರ ಒಳಗ ಮೆತ್ತಗ. ಬಾಯಿ ಸುಡ್ತಿತ್ತು. ಹಾ ಹಾ ಅನಕೋತ ತಿಂತಿದ್ಳು. ಚಳಿಗಾಲದಾಗ ಅದೊಂದು ಕೈಯಾಗ ಹಿಡಕೊಂಡ್ರ ಮನಿ ಮುಟ್ಟೋತನ ಕೈ ಬೆಚ್ಚಗಿರ್ತದ. ಅದೇ ರುಚಿ."

ಅದಾದ ಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ. ಹಬ್ಬದ ಹೋಳಿಗೆಯನ್ನು ವರ್ಷಕ್ಕೊಮ್ಮೆ ನೆನೆಯುತ್ತೇವೆ, ದಿನಾ ಸಂಜೆ ತಿಂದದ್ದನ್ನು ಮರೆಯಲು ಹೇಗಾದೀತು? ಅವರು ಎಷ್ಟೋ ಬಗೆಯ ಅಡುಗೆ ಬಲ್ಲವರು. ಬಿರಿಯಾನಿ ಮಾಡಿದರೆ ಡಾಕ್ಟರು, ತಹಸೀಲ್ದಾರರು ಹೇಳಿ ಕಳಿಸುತ್ತಿದ್ದರು. ಆದರೆ ಅದನ್ನು ಕೆಲಸವೆಂದು ಮಾಡುತ್ತಿದ್ದರು. ಕೊರೊಕ್ಕೆ ಕರಿಯುವಾಗ ಮಾತ್ರ ಬಾಣಲೆಯ ಮೇಲೆ ಬಗ್ಗಿ ನಿಲ್ಲುತ್ತಿದ್ದರು, ಯಾರೋ ಪಕ್ಕದಲ್ಲಿ ಕಾಯುತ್ತಿದ್ದಾರೆ ಅನ್ನುವ ಹಾಗೆ.

ನನ್ನನ್ನು ಕತ್ತಿಯಿಂದ ಬಾಣಲೆಗೆ ಏರಿಸಿದ ದಿನ ನಾನು ಮಾಡಿದ ಅವಾಂತರವನ್ನು ಹೊಸಬರಿಗಾಗಿ ಹೇಳಬೇಕು. ಬಿಸಿ ಬಿಸಿ ಆಲೂಗಡ್ಡೆಯನ್ನೇ ತಟ್ಟಿ ಎಣ್ಣೆಗೆ ಬಿಟ್ಟೆ. ಒಂದೊಂದೇ ಬಾಯಿ ಬಿಟ್ಟು ಸಿಡಿದು, ಎಣ್ಣೆಯೆಲ್ಲ ಗಂಜಿಯಾಯಿತು. ಹೊರಗೆ ದೊಡ್ಡ ಅಧಿಕಾರಿಯೊಬ್ಬರು ಕರವಸ್ತ್ರ ಕೊರಳಿಗೆ ಸಿಕ್ಕಿಸಿಕೊಂಡು ಕಾಯುತ್ತಿದ್ದಾರೆ. ಮ್ಯಾನೇಜರ್ ಸಾಹೇಬರು ಬೈದ ಬೈಗುಳದಲ್ಲಿ ನಮ್ಮ ಕುರಿಗಳೂ ಬಂದವು. ಉಸ್ತಾದರು ಮಾತ್ರ ಎಣ್ಣೆ ಸೋಸುತ್ತ ಇಷ್ಟೇ ಅಂದರು:

"ಬಿಸಿ ಆಲೂಗಡ್ಡಿ ಒಳಗ ಉಸಿರಿರ್ತದಪಾ. ಅದು ಹೊರಗ ಹೋಗಾಕ ಬಿಡು. ಬಿಡಲಿಲ್ಲಂದ್ರ ಒಡಿತದ."

ಆರಲು ಬಿಡುವುದನ್ನು ಅಂದು ಕಲಿತೆ. ಯಾರೂ ಬಡ್ತಿ ಕೊಡದ ಈ ಒಂದು ಪಾಠ ಇಡೀ ನೌಕರಿಯಲ್ಲಿ ನನ್ನನ್ನು ಕಾಪಾಡಿತು.

ಯುದ್ಧ ಬಲಿತ ಹಾಗೆ ಎಲ್ಲದಕ್ಕೂ ಕೊರತೆ. ಹೈದರಾಬಾದಿನಿಂದ ಗಾಡಿಯಲ್ಲಿ ಬರುತ್ತಿದ್ದ ಬ್ರೆಡ್ಡು ನಿಂತಿತು. ಪುಡಿಯಿಲ್ಲದೆ ಕೊರೊಕ್ಕೆ ಹೇಗೆ? ಮೈದಾದಲ್ಲಿ ಅದ್ದಿ ಕರಿದರೆ ಬಜ್ಜಿಯಾಯಿತು. ಉಸ್ತಾದರು ತಟ್ಟೆ ದೂರ ಸರಿಸಿ, ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ಕುಳಿತುಬಿಟ್ಟರು. ಅವರು ಅಷ್ಟು ಕುಸಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಜಪಾನಿಗೆ ಹೋಗುವ ಹಡಗು ಎರಡನೆಯ ಸಲ ನಿಂತಂತೆ ಅವರಿಗಾಗಿತ್ತೆಂದು ಕಾಣುತ್ತದೆ. ನನ್ನ ಹೆಂಡತಿ ನೀಲವ್ವ ಬುತ್ತಿಗೆ ಕಟ್ಟುತ್ತಿದ್ದ ಜೋಳದ ಕಡಕ್ ರೊಟ್ಟಿ ನನ್ನ ಗಂಟಿನಲ್ಲಿತ್ತು. ಒಣಗಿ ಹಪ್ಪಳದಂತಾದ ರೊಟ್ಟಿ. ಸುಮ್ಮನೆ ಮುರಿದು, ಒರಳಲ್ಲಿ ಒರಟಾಗಿ ಕುಟ್ಟಿ, ಅದರಲ್ಲಿ ಒಂದನ್ನು ಹೊರಳಿಸಿ ಕರಿದು ಅವರ ಮುಂದೆ ಇಟ್ಟೆ. ಉಸ್ತಾದರು ಕಚ್ಚಿದರು. ಬ್ರೆಡ್ಡಿನ ಪುಡಿಗಿಂತ ಗಡುಸು, ಜೋಳದ ಸುಟ್ಟ ವಾಸನೆ, ತಣ್ಣಗಾದರೂ ಗರಿ ಬಿಡುವುದಿಲ್ಲ.

"ಹಾರುಗ ತೋರಿಸ್ಬೇಕಿದು," ಅಂದರು. ಅಂದವರೇ ಎದ್ದು ಹಿತ್ತಲಿಗೆ ಹೋದರು.

ಅಂದಿನಿಂದ ನೀಲವ್ವ ಅಡುಗೆಮನೆಗೆಂದೇ ರೊಟ್ಟಿ ಬಡಿಯತೊಡಗಿದಳು. ಜಹೀರಾಬಾದಿನ ಕೆಂಪು ನೆಲದ ಆಲೂಗಡ್ಡೆ, ತಾಂಡೂರಿನ ಜೋಳ, ಕಲ್ಹೇರಿನ ಕುರಿ. ಹೆಸರೊಂದು ಮಾತ್ರ ಕೋಬೆಯದು. ಆ ಹೆಸರನ್ನೂ ಬಾಯಿಬಿಟ್ಟು ಹೇಳಬಾರದೆಂದು ಸಾಹೇಬರು ಕಟ್ಟಪ್ಪಣೆ ಮಾಡಿದ್ದರು. ವೈರಿಯ ತಿಂಡಿ ಮಾರುತ್ತಾರಂತೆ ಎಂದು ಯಾರೋ ಚಾಡಿ ಹೇಳಿ, ಪೊಲೀಸ್ ಜಮಾದಾರನೊಬ್ಬ ವಿಚಾರಣೆಗೆ ಬಂದ. ಉಸ್ತಾದರು ಆತನನ್ನು ಕೂಡಿಸಿ ತಟ್ಟೆ ಇಟ್ಟರು. ಆತ ತಿಂದ, ಮತ್ತೆ ಹಾಕಿಸಿಕೊಂಡು ತಿಂದ, ಬೆರಳು ನೆಕ್ಕುತ್ತ ಇದರಲ್ಲಿ ಜಪಾನಿ ಏನೂ ಕಾಣುವುದಿಲ್ಲ ಎಂದು ಹೇಳಿ ಹೋದ. ನಾವು ಬಿದ್ದು ಬಿದ್ದು ನಕ್ಕೆವು. ಆ ಅಡುಗೆಮನೆಯಲ್ಲಿ ನಾವು ಹಾಗೆ ನಕ್ಕ ನೆನಪು ಅದೊಂದೇ.

ಗೂಡ್ಸ್ ಶೆಡ್ಡಿನಲ್ಲಿ ತೊಗರಿ ಮೂಟೆ ಏರಿಸುವ ಬಸವಣ್ಣೆಪ್ಪ ಎಂಬ ವ್ಯಾಪಾರಿ ಇದ್ದರು. ಹಣೆತುಂಬ ವಿಭೂತಿ. ಆಲೂಗಡ್ಡೆಯೊಂದನ್ನೇ ಹಾಕಿ, ಮೊಟ್ಟೆಯ ಬದಲು ತೊಗರಿ ಹಿಟ್ಟಿನ ನೀರಲ್ಲಿ ಅದ್ದಿ, ಬೇರೆ ಬಾಣಲೆಯಲ್ಲಿ ಅವರಿಗೆ ಕರಿದು ಕೊಡುತ್ತಿದ್ದೆವು. ಮೂಟೆಗಳ ಮರೆಯಲ್ಲಿ ನಿಂತು ತಿನ್ನುತ್ತಿದ್ದರು.

"ಮನ್ಯಾಗ ಗೊತ್ತಾದ್ರ ಏನ್ರಿ ಗತಿ?" ಅಂದರೆ,

"ಸ್ಟೇಷನದಾಗ ತಿಂದಿದ್ದು ಊರಾಗ ಲೆಕ್ಕಿಲ್ಲ ಬಿಡೋ," ಅನ್ನುತ್ತಿದ್ದರು. ಹೈದರಾಬಾದಿನಿಂದ ಬರುವ ಪತ್ರಿಕೆಯನ್ನು ಕೊಂಡು ಓದುವವರು ಅವರೊಬ್ಬರೇ. ಉಸ್ತಾದರಿಗೆ ಯುದ್ಧದ ಸುದ್ದಿ ಅವರ ಬಾಯಿಂದಲೇ ತಿಳಿಯಬೇಕು.

ಇಲ್ಲಿ ಒಂದು ರೂಢಿಯ ಮಾತು ಹೇಳಬೇಕು. ನಮ್ಮ ಕಡೆ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಊಟ. ಕೈ ತೊಳೆದ ಮೇಲೆಯೇ "ಏನ್ ಸುದ್ದಿ?" ಎಂದು ಕೇಳುವುದು. ಹಸಿದವನ ಹತ್ತಿರ ಸುದ್ದಿ ಕೇಳಬಾರದು. ಆತ ಕೆಟ್ಟ ಸುದ್ದಿ ತಂದಿದ್ದರೆ, ಹೇಳಿದ ಮೇಲೆ ಹೇಳಿದವನಿಗೂ ಕೇಳಿದವನಿಗೂ ಅನ್ನ ಇಳಿಯುವುದಿಲ್ಲ. ಕಲ್ಹೇರಿನ ನಮ್ಮ ಮನೆಯಲ್ಲಿಯೂ ಹಾಗೆ, ಜಹೀರಾಬಾದಿನ ಉಸ್ತಾದರ ಮನೆಯಲ್ಲಿಯೂ ಹಾಗೆ.

ಒಂದು ದಿನ ನನ್ನ ಚಿಕ್ಕಪ್ಪನ ಮಗ ಮಾಳಪ್ಪ ಕಲ್ಹೇರಿನಿಂದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಧೂಳು ಹಿಡಿದ ಮುಖ. ನಾನು ಬಾಯಿ ತೆರೆಯುವ ಮುಂಚೆಯೇ ಉಸ್ತಾದರು ಆತನ ತೋಳು ಹಿಡಿದು ಒಳಗೆ ಕೂಡಿಸಿದರು.

"ಬೀರಪ್ಪ, ನೀನೂ ಕೂಡು. ಇಬ್ಬರೂ ಉಣ್ರಿ."

"ಏನಾತೋ ಮಾಳಪ್ಪ?" ಅಂದೆ.

"ಮೊದಲ ಉಣ್ಣಲಿ. ಸುದ್ದಿ ಎಲ್ಲಿಗೂ ಹೋಗಾಂಗಿಲ್ಲ," ಅಂದರು ಉಸ್ತಾದರು.

ಬಿಸಿ ಕೊರೊಕ್ಕೆ ಹಾಕಿದರು. ಹಸಿವಾಗಿತ್ತು, ಹೊಟ್ಟೆ ತುಂಬ ತಿಂದೆ. ಮಾಳಪ್ಪ ತಲೆ ತಗ್ಗಿಸಿ ತಿಂದ. ಕೈ ತೊಳೆದ ಮೇಲೆ ಉಸ್ತಾದರು "ಈಗ ಹೇಳು" ಅಂದರು. ನಮ್ಮಪ್ಪ ಹಿಂಡಿನ ನಡುವೆಯೇ ಕುಸಿದು ತೀರಿಕೊಂಡಿದ್ದ. ಆಮೇಲೆ ಮಣ್ಣು ಮುಗಿಯುವ ತನಕ ನನ್ನ ಬಾಯಿಗೆ ನೀರು ಬಿಟ್ಟು ಏನೂ ಹೋಗಲಿಲ್ಲ. ಊರವರೆಗಿನ ದಾರಿಯನ್ನು ನಡೆದದ್ದು ಉಸ್ತಾದರು ಹಾಕಿದ ಆ ಊಟದ ಬಲದ ಮೇಲೆ. ಅಪ್ಪ ಇದ್ದಾನೆಂದುಕೊಂಡು ನಾನು ಉಂಡ ಕಡೆಯ ಊಟ ಅದು. ಈ ಉಪಕಾರವನ್ನು ನಾನು ಹೇಗೆ ತೀರಿಸಲಿ?

ಯುದ್ಧ ಮುಗಿಯುವ ವರ್ಷ. ಬಸವಣ್ಣೆಪ್ಪ ಒಂದು ಮಧ್ಯಾಹ್ನ ಪತ್ರಿಕೆ ಮಡಿಸಿ ಹಿಡಿದುಕೊಂಡು ಬಂದರು. ತಮ್ಮ ಪಾಲಿನದನ್ನು ಕೇಳಲಿಲ್ಲ.

"ಉಸ್ತಾದ್‌ರಿ, ನಿಮ್ಮೂರ ಹೆಸರು ಬಂದದ್ರಿ. ಕೋಬೆ. ವಿಮಾನದಾಗ ಹೋಗಿ ಬೆಂಕಿ ಬಾಂಬ್ ಹಾಕ್ಯಾರಂತ."

"ಯಾವ ಕಡೆ? ಬಂದರದ ಕಡೆ ಏನು ಊರಾಗ?"

"ಅದೇನು ಬರದಿಲ್ರಿ. ಊರು ಸುಟ್ಟದ ಅಂತ ಅಷ್ಟೇ ಬರದಾರ."

ಉಸ್ತಾದರು ಬಾಣಲೆಯ ಕಡೆ ತಿರುಗಿ ಕರಿಯುತ್ತಲೇ ಇದ್ದರು. ಎಲ್ಲವೂ ಕಪ್ಪಾದವು. ಅವರ ಕೈಯಲ್ಲಿ ತಿಂಡಿ ಸೀದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಅಂದಿನಿಂದ ಅವರಿಗೆ ಬೇಕಾದದ್ದು ಒಂದೇ ಆಯಿತು. ಯಾರಾದರೂ ಒಬ್ಬರು, ಆ ಕಡೆಯವರು, ಮಿನಾತೊಗಾವಾ ಉಳಿದಿದೆಯೋ ಇಲ್ಲವೋ ಹೇಳಬೇಕು. ತಾಂಡೂರಿನಲ್ಲಿ ಕುಳಿತವನಿಗೆ ಅದನ್ನು ಯಾರು ಹೇಳಿಯಾರು?

ಹೇಳುವವರು ಬಂದರು. ಅದೇ ನನಗೆ ಇವತ್ತಿಗೂ ಸಹಿಸಲಾಗದ ಮಾತು.

ಅದೇ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಾಹೇಬರು ಗಡಿಬಿಡಿಯಿಂದ ಒಳಗೆ ಬಂದು, ಕೈದಿಗಳ ಡಬ್ಬಿ ಸೇರಿಸಿದ ಗಾಡಿ ಬರುತ್ತಿದೆ, ಉಣ್ಣಲು ಏನಾದರೂ ಕೊಡಬೇಕಂತೆ ಅಂದರು. ಎಂಜಿನ್ನು ನೀರು ತುಂಬಿಕೊಳ್ಳುವ ತನಕ ಮಾತ್ರ ನಿಲ್ಲುತ್ತದೆ. ಬರ್ಮಾ ಕಡೆ ಸಿಕ್ಕಿಬಿದ್ದ ಜಪಾನಿಯವರಂತೆ ಎಂದು ಸೇರಿಸಿದರು. ಉಸ್ತಾದರು ಒಲೆಯ ಕಡೆ ತಿರುಗಿದರು.

"ಬೀರಪ್ಪ, ರೊಟ್ಟಿ ಪುಡಿ ಎಷ್ಟದ?"

"ಬೇಕಾದಷ್ಟು ಅದ್ರಿ. ಉಸ್ತಾದ್‌ರಿ, ನಾ ಕರೀತೀನಿ. ಗಾಡಿ ಬಂದ ಕೂಡ್ಲೆ ನೀವು ಹೋಗಿ ಕೇಳ್ರಿ. ಊರ ಕಾಗದ ಅವರಿಗರೆ ಬಂದಿರ್ತದ."

"ಹಸದು ಬಂದಾರಪಾ. ಬರೇ ಕೈಲೆ ಹೋಗಿ ಕೇಳ್ಲೇನು?"

"ಗಾಡಿ ನಿಂದ್ರೂದಿಲ್ರಿ!"

"ಮೊದಲ ಉಣ್ಣಲಿ," ಅಂದರು. ಸುದ್ದಿ ಎಲ್ಲಿಗೂ ಹೋಗುವುದಿಲ್ಲವೆಂಬ ಮಾತನ್ನು ಈ ಸಲ ಸೇರಿಸಲಿಲ್ಲ.

ಗಾಡಿ ಬಂತು. ಕಡೆಯ ಡಬ್ಬಿಯ ಕಿಟಕಿಗಳಿಗೆ ಕಬ್ಬಿಣದ ಸರಳು. ಒಳಗೆ ಎಲುಬು ಕಾಣುವ ಮುಖಗಳು. ಯಾರೂ ನಮ್ಮ ಕಡೆ ನೋಡಲಿಲ್ಲ. ಉಸ್ತಾದರು ಕರಿಯುತ್ತಲೇ ಇದ್ದರು, ನಾನು ಎಲೆಯ ಮೇಲೆ ಇಟ್ಟು ಓಡುತ್ತಲೇ ಇದ್ದೆ. ಕಾವಲಿನ ಹವಾಲ್ದಾರನಿಗೂ ಒಂದು ಎಲೆ ಕೊಟ್ಟೆ. ಕೈದಿಗಳ ಜೊತೆ ಮಾತಾಡಬಾರದೆಂಬ ಕಟ್ಟಳೆಯಿದ್ದರೂ ಆತ ತಿನ್ನುತ್ತ ಬೆನ್ನು ತಿರುಗಿಸಿ ನಿಂತ. ಅಷ್ಟು ಒಳ್ಳೆಯ ಅವಕಾಶ ಯಾರಿಗೆ ಸಿಕ್ಕೀತು?

ಕಿಟಕಿಯ ಹತ್ತಿರ ಕುಳಿತಿದ್ದ ಕನ್ನಡಕದವನೊಬ್ಬ ಮೊದಲು ಕಚ್ಚಿದ. ಕಚ್ಚಿ ನಿಂತುಬಿಟ್ಟ. ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದ. ಪಕ್ಕದವನಿಗೆ ಏನೋ ಅಂದ. ಆ ಮಾತು ಬಾಯಿಂದ ಬಾಯಿಗೆ ಡಬ್ಬಿಯ ಆ ತುದಿಯವರೆಗೆ ಹೋಯಿತು. "ಕೊರೊಕ್ಕೆ, ಕೊರೊಕ್ಕೆ" ಅನ್ನುತ್ತಿದ್ದರು. ಒಬ್ಬ ನಕ್ಕ. ಒಬ್ಬ ಮೊಣಕಾಲಿಗೆ ಹಣೆ ಹಚ್ಚಿ ಅಳತೊಡಗಿದ. ಕನ್ನಡಕದವನು ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದ.

ಉಸ್ತಾದರು ಕಡೆಯ ಎಲೆ ಹಿಡಿದುಕೊಂಡು ತಾವೇ ಬಂದರು. ಅವನ ಕಿಟಕಿಯ ಮುಂದೆ ನಿಂತರು. ಎಂಜಿನ್ನಿಗೆ ನೀರು ಬಿಡುವ ಕೊಳವೆಯನ್ನು ಇನ್ನೂ ಆಚೆ ಸರಿಸಿರಲಿಲ್ಲ, ಹೊತ್ತಿತ್ತು.

"ಕೇಳ್ರಿ!" ಅಂದೆ ನಾನು.

"ಉಣ್ಣಾಕತ್ಯಾನ," ಅಂದರು.

"ಕೈ ಮುಗೀತೀನಿ, ಕೇಳ್ರಿ ಉಸ್ತಾದ್‌ರಿ!"

ಉಸ್ತಾದರು ನನ್ನ ಕಡೆ ನೋಡಲಿಲ್ಲ. ಅವನು ನುಂಗುವುದನ್ನೇ ಕಾಯುತ್ತಿದ್ದರು. ತುಟಿ ಅಲುಗುತ್ತಿತ್ತು. ಆಡಬೇಕಾದ ಮಾತನ್ನು ಒಳಗೇ ಜೋಡಿಸಿಕೊಳ್ಳುತ್ತಿದ್ದರು. ಅದು ಬರೀ ರೂಢಿಯಾಗಿತ್ತೇ? ಇಷ್ಟು ವರ್ಷ ಆ ನಿಲುವನ್ನು ನೆನೆದು ನೆನೆದು ನನಗೆ ಅನ್ನಿಸಿದ್ದು ಬೇರೆ. ಅವರಿಗೆ ಹೆದರಿಕೆಯಾಗಿತ್ತು. ಕೇಳದಿರುವಷ್ಟು ಹೊತ್ತು ಹಾರು ಇದ್ದಳು, ಸಾಚಿ ಇದ್ದಳು. ಅಪ್ಪ ಸತ್ತ ಸುದ್ದಿಯನ್ನು ನನಗೆ ಒಂದು ಊಟದ ಹೊತ್ತು ತಡೆದು ಕೊಟ್ಟವರು, ತಮಗೂ ಒಂದು ಊಟದ ಹೊತ್ತನ್ನು ಬೇಡಿಕೊಂಡಿದ್ದರು.

ಕನ್ನಡಕದವನು ಕಡೆಯ ತುತ್ತು ನುಂಗಿದ. ಸರಳುಗಳ ಹಿಂದೆ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, "ಗೊಚಿಸೊಸಾಮಾ" ಅಂದ. ಉಂಡವರು ಉಣಿಸಿದವರಿಗೆ ಅಲ್ಲಿ ಹೇಳುವ ಮಾತಂತೆ. ಉಸ್ತಾದರೂ ಬಾಗಿದರು. ಅವರು ತಲೆ ಎತ್ತುವಷ್ಟರಲ್ಲಿ ಸೀಟಿ ಹೊಡೆದು ಗಾಡಿ ಅಲುಗಿತು.

ಆಗ ಬಾಯಿ ಬಿಟ್ಟರು. ನನಗೆ ತಿಳಿಯದ ಮಾತು, ನಡುವೆ ಕೋಬೆ, ಮಿನಾತೊಗಾವಾ. ಗಾಡಿಯ ಜೊತೆ ಓಡಿದರು. ಎಲೆ ಕೈಯಿಂದ ಬಿತ್ತು. ಕನ್ನಡಕದವನು ಬೆಚ್ಚಿ ತಿರುಗಿ ನೋಡಿದ. ಈ ಊರಲ್ಲಿ, ಈ ಮನುಷ್ಯನ ಬಾಯಲ್ಲಿ ತನ್ನ ಭಾಷೆಯೇ ಎಂಬ ಬೆರಗು. ಸರಳಿಗೆ ಮುಖ ಒತ್ತಿ ಬಾಯಿ ತೆರೆದ. ಡಬ್ಬಿಯ ಒಳಗಿದ್ದ ಇನ್ನೊಬ್ಬ ಹವಾಲ್ದಾರ ಅವನನ್ನು ಹಿಂದಕ್ಕೆ ನೂಕಿ ಕಿಟಕಿಯ ಹಲಗೆಯನ್ನು ಎಳೆದುಬಿಟ್ಟ. ಪ್ಲಾಟ್‌ಫಾರ್ಮ್ ಮುಗಿಯುವ ಕಡೆ ಉಸ್ತಾದರು ನಿಂತರು. ಗಾಡಿ ವಾಡಿಯ ಕಡೆ ಹೋಯಿತು.

ನಾನು ಹೋಗಿ ಅವರ ತೋಳು ಹಿಡಿದೆ.

"ಉಂಡ್ರಲ್ಲ," ಅಂದರು. "ಉಂಡ್ರು, ಬೀರಪ್ಪ."

ಅಲ್ಲಿಂದ ಮುಂದೆ ಬರೆಯಲು ಹೆಚ್ಚಿಲ್ಲ. ಮತ್ತೊಂದು ಅಂಥ ಗಾಡಿ ಬರಬಹುದೆಂದು ಅವರು ದಿನಾ ಒಂದು ತಟ್ಟೆ ಕರಿದು ಮುಚ್ಚಿಡುತ್ತಿದ್ದರು. ಬರಲಿಲ್ಲ. ಯುದ್ಧ ನಿಂತಿತು. ಕೋಬೆಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಹಡಗು ಹತ್ತುತ್ತೇನೆ ಅನ್ನುತ್ತಿದ್ದವರು ಹಾಗೆ ಅನ್ನುವುದನ್ನೂ ಬಿಟ್ಟರು. ಕೆಮ್ಮು ಹಿಡಿಯಿತು. ಜಹೀರಾಬಾದಿಗೆ ಕರೆದುಕೊಂಡು ಹೋಗಿ ಬಿಟ್ಟೆ. ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದೆ. ಹೋದಾಗೆಲ್ಲ ಮೊದಲು ನನಗೆ ಉಣ್ಣಲು ಹಾಕಿಸುತ್ತಿದ್ದರು. ಕಡೆಯ ಸಲ ಹಾಕಿಸಲಿಲ್ಲ. ನನ್ನ ಕೈ ಹಿಡಿದು ಅಂದರು:

"ಬೀರಪ್ಪ, ಆ ಕಡ್ಯಾವ್ರು ಯಾರರೆ ಒಬ್ರು ನಿನ್ನ ಮುಂದ ಬಂದೇ ಬರ್ತಾರ. ನೀ ಮೊದಲ ಕೇಳು. ಉಣಿಸೂದು ಆಮ್ಯಾಲ. ನಾ ಕೇಳ್ಬೇಕಿತ್ತು. ನೀ ಮೊದಲ ಕೇಳು."

"ಆತ್ರಿ," ಅಂದೆ.

ನಿಜಾಮರ ರಾಜ್ಯ ಮುಗಿಯುವ ಮುಂಚೆಯೇ ಅವರು ಹೋದರು. ತಾಯಿಯ ಗೋರಿಯ ಪಕ್ಕದಲ್ಲಿ ಮಣ್ಣು ಮಾಡಿದರು. ರಾಜ್ಯ ಹೋಯಿತು, ಊಟದ ಕೋಣೆ ಕ್ಯಾಂಟೀನಾಯಿತು, ಬಿಳಿ ಬಟ್ಟೆಯ ಮೇಜು ಹೋಗಿ ಕಲ್ಲಿನ ಕಟ್ಟೆ ಬಂತು. ನಾನು ಕರಿಯುತ್ತಲೇ ಇದ್ದೆ. ಪಟ್ಟಿಯಲ್ಲಿ ಅದರ ಹೆಸರು ಆಲೂ ಕಟ್ಲೆಟ್. ಜನ ತಿಂದರು, ಹೋದರು. ಯಾವ ಊರಿನ ತಿಂಡಿಯೆಂದು ಯಾರೂ ಕೇಳಲಿಲ್ಲ.

ನೌಕರಿಯ ಕಡೆಯ ದಿನಗಳಲ್ಲಿ ಒಬ್ಬ ಜಪಾನಿ ಇಂಜಿನಿಯರು ನಮ್ಮ ಸ್ಟೇಷನ್ನಿಗೆ ಬಂದ. ವಾಡಿ ಕಡೆ ಕಾರ್ಖಾನೆಯೊಂದರ ಯಂತ್ರ ನೋಡಲು ಹೊರಟವನು. ಜೊತೆಗೆ ಕಾರ್ಖಾನೆಯ ಒಬ್ಬ ಅಧಿಕಾರಿ. ಗಾಡಿ ತಡವಾಗಿತ್ತು. ಹಸಿವಾಗಿದೆ, ಏನಿದೆ ಅಂದರು. ಮನೆಗೆ ಹೇಳಿ ಕಳಿಸಿ ಕಡಕ್ ರೊಟ್ಟಿ ತರಿಸಿದೆ. ಕುಟ್ಟಿ, ಹೊರಳಿಸಿ, ಕರಿದು, ನಾನೇ ತಟ್ಟೆ ಹಿಡಿದುಕೊಂಡು ಹೋಗಿ ಇಟ್ಟೆ. ಆತ ನೋಡಿದ ತಕ್ಷಣ ಮುಖವೆಲ್ಲ ಅರಳಿ "ಕೊರೊಕ್ಕೆ!" ಅಂದ. ನಡುವಯಸ್ಸಿನ ಮನುಷ್ಯ, ಹುಡುಗನಂತೆ ಕೈ ಚಾಚಿದ.

ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

"ಒಂದು ಮಾತು ಕೇಳ್ಬೇಕ್ರಿ. ಕೋಬೆಯೊಳಗ ಮಿನಾತೊಗಾವಾ ಅಂತ ಒಂದು ಪೇಟಿ ಇತ್ತು. ಅಲ್ಲಿ ಮಾಂಸದ ಅಂಗಡಿ ಬಾಗಿಲದಾಗ ಒಬ್ಬ ಅಜ್ಜಿ ಇದನ್ನೇ ಕರೀತಿದ್ಳು. ಲಡಾಯಿದಾಗ ಆ ಪೇಟಿ ಏನಾತು, ಕೇಳ್ರಿ."

ಅಧಿಕಾರಿ ಹುಬ್ಬೇರಿಸಿ, ಇಂಗ್ಲಿಷಿನಲ್ಲಿ ಕೇಳಿದರು. ಆತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹೇಳಿದ್ದನ್ನು ಅಧಿಕಾರಿ ನನಗೆ ತಿಳಿಸಿದರು. ಈ ಇಂಜಿನಿಯರು ಕೋಬೆಯ ಪಕ್ಕದ ಊರಿನವರು. ಆಗ ಇನ್ನೂ ಶಾಲೆಗೆ ಹೋಗುತ್ತಿದ್ದರಂತೆ. ಬೂದಿ ಎತ್ತಲು ಶಾಲೆಯವರನ್ನೆಲ್ಲ ಆ ಪೇಟೆಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ನಿಂತ ಗೋಡೆಯೇ ಇರಲಿಲ್ಲವಂತೆ. ಅಂಗಡಿಗಳಿದ್ದ ಗಲ್ಲಿಯಲ್ಲಿ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡ ಹಾಗೆಯೇ ಸುಟ್ಟುಹೋಗಿದ್ದರಂತೆ. ಬದುಕಿ ಬಂದವರು ಯಾರೂ ಇವರಿಗೆ ಕಾಣಲಿಲ್ಲವಂತೆ.

ನಾನು ಕೈ ತೆಗೆದೆ. "ಉಣ್ರಿ," ಅಂದೆ. ಆತ ಬೇಡವೆಂದು ತಲೆಯಾಡಿಸಿದ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ಗಾಡಿ ಬಂತು. ಎದ್ದು ನನಗೆ ಬಾಗಿದ. ಉಂಡಿರಲಿಲ್ಲ, ಹಾಗಾಗಿ "ಗೊಚಿಸೊಸಾಮಾ" ಅನ್ನಲಿಲ್ಲ. ಅಧಿಕಾರಿ ನನ್ನ ಮೇಲೆ ಸಿಟ್ಟಾಗಿ, ಹಸಿದ ಮನುಷ್ಯನಿಗೆ ಊಟ ಹಾಕುವ ಹೊತ್ತಲ್ಲಿ ಇದೆಂಥ ಪ್ರಶ್ನೆ ಎಂದು ಬೈದು ಅವನ ಹಿಂದೆ ಹೋದರು.

ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಅದನ್ನು ಹೇಳೋಣವೆಂದರೆ ಜಹೀರಾಬಾದಿನಲ್ಲಿ ಉಸ್ತಾದರು ಇರಲಿಲ್ಲ.

ಜನ ಹೋದ ಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಬಂದೆ. ಒಂದನ್ನು ಮುರಿದು ನೋಡಿದೆ. ತಣ್ಣಗಾಗಿತ್ತು, ಆದರೂ ನೀಲವ್ವನ ರೊಟ್ಟಿಯ ಪುಡಿ ಗರಿಗರಿಯಾಗಿಯೇ ಇತ್ತು.